ಮರುಭೂಮಿಯ ಕೆನ್ನೆಚೀಲದ ಇಲಿ: ವರ್ಗೀಕರಣ ಬದಲಾದಾಗ ನೆಲೆಯೂ ಬದಲಾದ ಬಗೆ

ಉತ್ತರ ಅಮೆರಿಕದ ಸಸ್ತನಿಗಳನ್ನು ಕುರಿತು 1990ರ ದಶಕದ ಆರಂಭದವರೆಗೆ ಅಚ್ಚಾದ ಕೈಪಿಡಿಗಳಲ್ಲಿ, ಡೆಸರ್ಟ್ ಪಾಕೆಟ್ ಮೌಸ್ ಎಂಬ ಪುಟ್ಟ ಇಲಿಯ ನೆಲೆ ಬಹಳ ವಿಶಾಲವಾಗಿದೆ. ಪಶ್ಚಿಮದಲ್ಲಿ ಕ್ಯಾಲಿಫೋರ್ನಿಯಾದ ಆಗ್ನೇಯ ಭಾಗದಿಂದ ಹೊರಟು, ಅರಿಜೋನಾ ಮತ್ತು ನ್ಯೂ ಮೆಕ್ಸಿಕೋಗಳನ್ನು ಹಾದು ಟೆಕ್ಸಾಸಿನ ಪಶ್ಚಿಮ ತುದಿಯನ್ನು ಮುಟ್ಟಿ, ಅಲ್ಲಿಂದ ದಕ್ಷಿಣಕ್ಕೆ ಮೆಕ್ಸಿಕೋದ ಸಾನ್ ಲೂಯಿಸ್ ಪೊಟೊಸಿ ರಾಜ್ಯದವರೆಗೆ ಅದು ಹಬ್ಬಿರುವುದನ್ನು ಆ ಕಾಲದ ನಕ್ಷೆಗಳು ತೋರಿಸುತ್ತವೆ. ಇಂದಿನ ಕೈಪಿಡಿಗಳಲ್ಲಿ ಅದೇ ಹೆಸರಿನ ಇಲಿಯ ನೆಲೆ ಅರಿಜೋನಾ ಮತ್ತು ನ್ಯೂ ಮೆಕ್ಸಿಕೋ ರಾಜ್ಯಗಳ ಗಡಿಯ ಆಸುಪಾಸಿನಲ್ಲೇ ಮುಗಿದುಹೋಗುತ್ತದೆ. ಈ ನಡುವಿನ ವರ್ಷಗಳಲ್ಲಿ ಇಲಿಗಳು ಎಲ್ಲಿಗೂ ವಲಸೆ ಹೋಗಿಲ್ಲ, ಪೂರ್ವಾರ್ಧದಲ್ಲಿ ಅಳಿದೂ ಹೋಗಿಲ್ಲ. ಒಂದು ಪ್ರಭೇದವೆಂದು ನಂಬಿದ್ದದ್ದು ಎರಡು ಎಂದು ತೀರ್ಮಾನವಾಯಿತು, ಅಷ್ಟೇ. ಒಂದು ಪ್ರಾಣಿ ಎಲ್ಲೆಲ್ಲಿ ಇದೆ ಎಂಬ ಪ್ರಶ್ನೆಗೆ ಉತ್ತರ ಕೊಡುವ ಮುನ್ನ, ಯಾವುದನ್ನು ಆ ಪ್ರಾಣಿಯೆಂದು ಕರೆಯುತ್ತೇವೆ ಎಂಬುದನ್ನು ನಿರ್ಧರಿಸಿಕೊಳ್ಳಬೇಕಾಗುತ್ತದೆ ಎಂಬ ಮಾತಿಗೆ ಈ ಇಲಿಯಷ್ಟು ಒಳ್ಳೆಯ ನಿದರ್ಶನ ಸಿಗುವುದು ಅಪರೂಪ.

ಕೀಟೊಡಿಪಸ್ ಪೆನಿಸಿಲ್ಲೇಟಸ್ ಎಂಬುದು ಇದರ ವೈಜ್ಞಾನಿಕ ನಾಮ. ಕನ್ನಡದಲ್ಲಿ ರೂಢಿಯ ಹೆಸರಿಲ್ಲದ ಕಾರಣ ಇಲ್ಲಿ ಇದನ್ನು ಮರುಭೂಮಿಯ ಕೆನ್ನೆಚೀಲದ ಇಲಿ ಎಂದು ಕರೆಯೋಣ. ತೂಕ ಸುಮಾರು 15ರಿಂದ 20 ಗ್ರಾಂ. ಬಾಲವೇ ದೇಹಕ್ಕಿಂತ ಉದ್ದ; ಅದರ ತುದಿಯ ಕಡೆಗೆ ಕೂದಲು ನೀಳವಾಗಿ ಬೆಳೆದು ಕುಚ್ಚಿನಂತೆ ನಿಲ್ಲುತ್ತದೆ. ಮೈಬಣ್ಣ ಬೆನ್ನಿನ ಮೇಲೆ ಮರಳಿನದೇ ಛಾಯೆ, ಹೊಟ್ಟೆಯ ಕಡೆ ಬಿಳುಪು. ಹಗಲನ್ನು ಬಿಲದಲ್ಲಿ ಕಳೆದು ರಾತ್ರಿ ಬೀಜಗಳನ್ನು ಹುಡುಕಿಕೊಂಡು ಹೊರಬರುತ್ತದೆ. ಚಳಿಗಾಲದಲ್ಲಿ ಬಹುಮಟ್ಟಿಗೆ ನೆಲದ ಮೇಲೆ ಕಾಣಿಸಿಕೊಳ್ಳದೆ, ದೇಹದ ಉಷ್ಣತೆಯನ್ನು ತಗ್ಗಿಸಿಕೊಂಡು, ಕೂಡಿಟ್ಟ ಬೀಜಗಳ ಆಸರೆಯಲ್ಲಿ ಬಿಲದೊಳಗೇ ಕಾಲ ತಳ್ಳುತ್ತದೆ. ಕುಡಿಯುವ ನೀರಿಲ್ಲದಿದ್ದರೂ ಇದು ಬದುಕಬಲ್ಲುದು. ಬೀಜ ಜೀರ್ಣವಾಗಿ ದೇಹದಲ್ಲಿ ಶಕ್ತಿಯಾಗಿ ಬಳಕೆಯಾಗುವಾಗ ಹುಟ್ಟುವ ನೀರೇ ಅದರ ಅಗತ್ಯದ ದೊಡ್ಡ ಪಾಲನ್ನು ಪೂರೈಸುತ್ತದೆ.

ವರ್ಗೀಕರಣದ ಮೊದಲ ಅಚ್ಚರಿ ಇರುವುದು ಇದನ್ನು ಇಲಿ ಎಂದು ಕರೆಯುವುದರಲ್ಲಿಯೇ. ಮನೆಗಳಲ್ಲಿ ಕಾಣುವ ಚಿಟ್ಟಿಲಿ ಮ್ಯೂರಿಡೆ ಕುಟುಂಬಕ್ಕೆ ಸೇರಿದ್ದರೆ, ಈ ಮರುಭೂಮಿಯ ಪ್ರಾಣಿ ಸೇರುವುದು ಹೆಟೆರೊಮೈಯಿಡೆ ಎಂಬ ಬೇರೆಯೇ ಕುಟುಂಬಕ್ಕೆ. ಅಮೆರಿಕ ಖಂಡಗಳನ್ನು ಬಿಟ್ಟು ಬೇರೆಲ್ಲೂ ಇಲ್ಲದ ಈ ಕುಟುಂಬದಲ್ಲಿ ಹಿಂಗಾಲುಗಳ ಮೇಲೆ ಕುಪ್ಪಳಿಸುವ ಕಾಂಗರೂ ಇಲಿಗಳು ಮತ್ತು ದಕ್ಷಿಣ ಅಮೆರಿಕದ ಉತ್ತರ ಭಾಗದ ಕಾಡುಗಳವರೆಗೂ ಹಬ್ಬಿರುವ ಮುಳ್ಳುಗೂದಲಿನ ಕೆಲವು ಇಲಿಗಳು ಸಹ ಇವೆ. ಇವುಗಳಿಗೆ ಅತಿ ಹತ್ತಿರದ ನೆಂಟರೆಂದರೆ ನೆಲದಡಿಯಲ್ಲಿ ಸುರಂಗ ಕೊರೆದು ಬದುಕುವ ಗೋಫರ್‌ಗಳು. ಆ ಎರಡೂ ಕುಟುಂಬಗಳನ್ನು ಒಟ್ಟುಗೂಡಿಸಿ ದಂಶಕಗಳ ವಂಶವೃಕ್ಷದಲ್ಲಿ ಮೇಲಕ್ಕೆ ಹೋದರೆ ಮುಂದೆ ಸಿಗುವ ಬಂಧು, ಯಾರೂ ನಿರೀಕ್ಷಿಸದ ಬೀವರ್. ಹದಿನೈದು ಗ್ರಾಂ ತೂಗುವ, ನೀರನ್ನೇ ಮುಟ್ಟದೆ ಬದುಕಬಲ್ಲ ಈ ಜೀವಿಗೆ, ಹೊಳೆಗೆ ಅಡ್ಡಗಟ್ಟೆ ಕಟ್ಟಿ ನೀರಿನಲ್ಲೇ ಬಾಳುವ ಬೀವರ್ ಚಿಟ್ಟಿಲಿಗಿಂತ ಹತ್ತಿರದ ಸಂಬಂಧಿ ಎಂಬುದು ಕೇಳಲು ವಿಚಿತ್ರವಾಗಿದ್ದರೂ, ಅಣುಜೀವಶಾಸ್ತ್ರದ ಪುರಾವೆಗಳು ಅದನ್ನೇ ಹೇಳುತ್ತವೆ. ಹೊರನೋಟಕ್ಕೆ ಇಲಿಯಂತೆ ಕಾಣುವ ಚಿಕ್ಕ ದೇಹ ದಂಶಕಗಳ ಚರಿತ್ರೆಯಲ್ಲಿ ಮತ್ತೆ ಮತ್ತೆ ಬೇರೆ ಬೇರೆ ಶಾಖೆಗಳಲ್ಲಿ ಕಾಣಿಸಿಕೊಂಡಿದೆ. ಏಷ್ಯಾ ಮತ್ತು ಆಫ್ರಿಕದ ಜರ್ಬೋವಾ, ಆಸ್ಟ್ರೇಲಿಯದ ಕುಪ್ಪಳಿಸುವ ಇಲಿ ಮತ್ತು ಅಮೆರಿಕದ ಕಾಂಗರೂ ಇಲಿ ಮೂರೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದರೂ ಮೂರೂ ಬೇರೆ ಬೇರೆ ಕುಟುಂಬಗಳವು.

ಬಂಧುತ್ವದ ಗುರುತು ಹುಡುಕಬೇಕಾದದ್ದು ಬಾಯಿಯ ಒಳಗೆ ಮತ್ತು ಬಾಯಿಯ ಪಕ್ಕದಲ್ಲಿ. ಚಿಟ್ಟಿಲಿಗೆ ದವಡೆಯ ಪ್ರತಿ ಪಕ್ಕದಲ್ಲೂ ಮೂರು ಮೂರು ಅರೆಯುವ ಹಲ್ಲುಗಳಿದ್ದು ಒಟ್ಟು 16 ಹಲ್ಲುಗಳಾದರೆ, ಕೆನ್ನೆಚೀಲದ ಇಲಿಗೆ ನಾಲ್ಕು ನಾಲ್ಕರಂತೆ ಒಟ್ಟು 20. ಇದರ ಮೇಲಿನ ಬಾಚಿಹಲ್ಲುಗಳ ಮುಂಭಾಗದಲ್ಲಿ ಉದ್ದುದ್ದವಾಗಿ ಒಂದು ತೋಡು ಇರುತ್ತದೆ. ಇನ್ನು ಹೆಸರಿಗೆ ಕಾರಣವಾದ ಚೀಲಗಳ ವಿಷಯ. ಕೆಲವು ದಂಶಕಗಳು ಕೆನ್ನೆಯ ಒಳಭಾಗದಲ್ಲಿ ಆಹಾರ ತುಂಬಿಕೊಳ್ಳುವುದುಂಟು, ಇಲ್ಲಿ ಹಾಗಲ್ಲ. ಬಾಯಿಯ ಎರಡೂ ಬದಿಯಲ್ಲಿ, ತುಟಿಯ ಹೊರಗೆ, ಪ್ರತ್ಯೇಕ ಸೀಳುಗಳಿವೆ, ಆ ಸೀಳುಗಳೊಳಗಿನ ಚೀಲಕ್ಕೆ ಒಳಗೂ ತುಪ್ಪಳದ ಅಸ್ತರಿ ಇದೆ. ಇಲಿ ಮುಂಗಾಲುಗಳಿಂದ ಮರಳನ್ನು ಜಾಲಾಡಿ, ಸಿಕ್ಕ ಬೀಜವನ್ನು ಕ್ಷಣಮಾತ್ರದಲ್ಲಿ ಚೀಲಕ್ಕೆ ಸೇರಿಸಿ ಮುಂದಿನದಕ್ಕೆ ಕೈಹಾಕುತ್ತದೆ. ಬಿಲಕ್ಕೆ ಮರಳಿದ ಮೇಲೆ ಮುಂಗಾಲುಗಳಿಂದ ಒತ್ತಿ ಬೀಜಗಳನ್ನು ಹೊರಕ್ಕೆ ಸುರಿಯುತ್ತದೆ. ಶುಚಿಗೊಳಿಸಬೇಕೆನಿಸಿದಾಗ ಅಂಗಿಯ ಜೇಬನ್ನು ಹೊರಮಗುಚಿ ಕೊಡವುವಂತೆ ಚೀಲವನ್ನು ಒಳಹೊರಗು ಮಾಡುತ್ತದೆ, ಆ ಬಳಿಕ ಒಂದು ಸ್ನಾಯು ಅದನ್ನು ಮತ್ತೆ ಒಳಕ್ಕೆ ಎಳೆದುಕೊಳ್ಳುತ್ತದೆ. ಬೀಜಗಳು ಬಾಯಿಗೆ ತಾಗುವುದೇ ಇಲ್ಲವಾದ್ದರಿಂದ ಎಂಜಲಿನ ತೇವ ಅವುಗಳಿಗೆ ಹೀರಿಹೋಗುವುದಿಲ್ಲ, ಹನಿ ಹನಿ ನೀರನ್ನೂ ಉಳಿಸಬೇಕಾದ ನಾಡಿನಲ್ಲಿ ಇದು ಚಿಕ್ಕ ಅನುಕೂಲವೇನಲ್ಲ. ತುಪ್ಪಳದ ಅಸ್ತರಿಯುಳ್ಳ ಇಂಥ ಹೊರಚೀಲಗಳು ಗೋಫರ್‌ಗಳಲ್ಲೂ ಇವೆ, ಎರಡು ಕುಟುಂಬಗಳ ನೆಂಟಸ್ತಿಕೆಗೆ ಇದೊಂದು ಸ್ಪಷ್ಟ ಸಾಕ್ಷಿ.

ಕುಟುಂಬದಿಂದ ಕೆಳಗಿಳಿದರೆ ಕುಲದ ಪ್ರಶ್ನೆ. ಕೆನ್ನೆಚೀಲದ ಚಿಕ್ಕ ಇಲಿಗಳೆಲ್ಲವನ್ನೂ ಬಹುಕಾಲ ಪೆರೊಗ್ನೇಥಸ್ ಎಂಬ ಒಂದೇ ಕುಲದಲ್ಲಿ ಇರಿಸಲಾಗಿತ್ತು. ಆ ಕುಲವನ್ನು 1839ರಲ್ಲಿ ಹೆಸರಿಸಿದವನು ಜರ್ಮನಿಯ ವೀಡ್ ಸಂಸ್ಥಾನದ ರಾಜಕುಮಾರ ಮ್ಯಾಕ್ಸಿಮಿಲಿಯನ್. 1889ರಲ್ಲಿ ಕ್ಲಿಂಟನ್ ಹಾರ್ಟ್ ಮೆರಿಯಂ ಈ ಇಲಿಗಳನ್ನು ಮರುಪರಿಶೀಲಿಸಿ, ಒರಟು ಕೂದಲಿನವುಗಳನ್ನು ಕೀಟೊಡಿಪಸ್ ಎಂಬ ಉಪಕುಲವಾಗಿ ಬೇರ್ಪಡಿಸಿದರು. ಭೇದ ಕೈಯಲ್ಲಿ ಹಿಡಿದರೆ ತಿಳಿಯುವಂಥದ್ದು. ಪೆರೊಗ್ನೇಥಸ್ ಇಲಿಗಳ ತುಪ್ಪಳ ರೇಷ್ಮೆಯಂತೆ ನಯ, ಹಿಂಗಾಲಿನ ಅಂಗಾಲಿನಲ್ಲಿ ಅಷ್ಟಿಷ್ಟು ಕೂದಲು. ಕೀಟೊಡಿಪಸ್ ಇಲಿಗಳದು ಒರಟು ತುಪ್ಪಳ, ಬೋಳು ಅಂಗಾಲು, ಬಾಲದ ತುದಿಗೆ ಕುಚ್ಚು. ಕೀಟೊಡಿಪಸ್‌ನ ಹಲವು ಪ್ರಭೇದಗಳಲ್ಲಿ ಹಿಂಭಾಗದ ಮೇಲೆ ಮುಳ್ಳಿನಂಥ ಗಡಸು ಕೂದಲುಗಳಿರುತ್ತವೆ, ನಮ್ಮ ಇಲಿಯಲ್ಲಿ ಅವು ಇಲ್ಲ. ಜಾನ್ ಹಾಫ್ನರ್ ಮತ್ತು ಮಾರ್ಕ್ ಹಾಫ್ನರ್ 1983ರಲ್ಲಿ ಈ ಉಪಕುಲಕ್ಕೆ ಪೂರ್ಣ ಕುಲದ ಸ್ಥಾನ ಕೊಟ್ಟರು. ಅಂದಿನಿಂದ ಪೆರೊಗ್ನೇಥಸ್ ಪೆನಿಸಿಲ್ಲೇಟಸ್ ಎಂಬುದು ಕೀಟೊಡಿಪಸ್ ಪೆನಿಸಿಲ್ಲೇಟಸ್ ಆಗಿದೆ. ಹಳೆಯ ಬರಹಗಳನ್ನು ಓದುವಾಗ ಇವೆರಡೂ ಒಂದೇ ಎಂಬುದನ್ನು ನೆನಪಿಟ್ಟುಕೊಂಡರೆ ಅರ್ಧ ಗೊಂದಲ ಪರಿಹಾರವಾದಂತೆ.

ಉಳಿದ ಅರ್ಧ ಗೊಂದಲ ಪ್ರಭೇದದ ಮಟ್ಟದ್ದು, ಮತ್ತು ಅದು ಈ ಇಲಿಯನ್ನು ಮೊದಲು ಹಿಡಿದ ದಿನಗಳಿಂದಲೇ ಆರಂಭವಾಗುತ್ತದೆ. 1851ರಲ್ಲಿ ಕ್ಯಾಪ್ಟನ್ ಲೊರೆಂಜೊ ಸಿಟ್‌ಗ್ರೀವ್ಸ್ ನೇತೃತ್ವದ ಅಮೆರಿಕದ ಸೇನಾ ತಂಡವೊಂದು ಜುನಿ ಮತ್ತು ಕೊಲರಾಡೋ ನದಿಗಳ ಗುಂಟ ಸಮೀಕ್ಷೆಗೆ ಹೊರಟಿತು. ಸ್ಯಾಮ್ಯುಯೆಲ್ ವಾಷಿಂಗ್ಟನ್ ವುಡ್‌ಹೌಸ್ ಆ ತಂಡದ ವೈದ್ಯರೂ ಪ್ರಾಣಿಶಾಸ್ತ್ರಜ್ಞರೂ ಆಗಿದ್ದರು. ಜುನಿಯಲ್ಲಿಯೇ ಬುಡುಬುಡಿಕೆ ಹಾವು ಅವರನ್ನು ಕಚ್ಚಿತಾದರೂ ಬದುಕುಳಿದು, ಪ್ರಯಾಣ ಮುಂದುವರಿಸಿ, ಮರುವರ್ಷ ಈ ಇಲಿಯನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಇಲಿ ಸಿಕ್ಕ ಸ್ಥಳ ಸಾನ್ ಫ್ರಾನ್ಸಿಸ್ಕೊ ಪರ್ವತ ಎಂದು ಅವರ ವಿವರಣೆ ಹೇಳುತ್ತದೆ. ಉತ್ತರ ಅರಿಜೋನಾದ ಆ ಪರ್ವತದ ಶಿಖರ 3,800 ಮೀಟರಿಗೂ ಎತ್ತರ. ಸುತ್ತಲೂ ಪೈನ್ ಕಾಡು, ಚಳಿಗಾಲದಲ್ಲಿ ಹಿಮ. ತಗ್ಗಿನ ಬಿಸಿ ಮರಳುನೆಲದ ಇಲಿಗೆ ಅದು ತಕ್ಕ ಜಾಗವಲ್ಲ. ತಂಡ ಪರ್ವತವನ್ನು ದಾಟಿ ಕೊಲರಾಡೋ ಕಣಿವೆಗೆ ಇಳಿದ ಕಾರಣ, ಮಾದರಿ ದೊರೆತದ್ದು ಹಾದಿಯ ಕೆಳಭಾಗದಲ್ಲಿ ಎಂದು ಊಹಿಸುವುದು ನ್ಯಾಯವಾಗಿದೆ. ಡೊನಾಲ್ಡ್ ಹಾಫ್‌ಮೈಸ್ಟರ್ ಮತ್ತು ರೇಮಂಡ್ ಲೀ 1967ರ ತಮ್ಮ ಪರಿಷ್ಕರಣೆಯಲ್ಲಿ ಮೂಲಸ್ಥಳವನ್ನು, ಅಂದರೆ ಪ್ರಭೇದಕ್ಕೆ ಹೆಸರಿಡಲು ಆಧಾರವಾದ ಮಾದರಿ ಸಿಕ್ಕ ಜಾಗವನ್ನು, ಕೊಲರಾಡೋ ನದಿಯ ಬಳಿಯ ಪಾರ್ಕರ್ ಪಟ್ಟಣದ ಹತ್ತಿರಕ್ಕೆ ತಿದ್ದಿದರು. ಇದನ್ನು ಕೇವಲ ವಿದ್ವಾಂಸರ ಕೂದಲು ಸೀಳುವಿಕೆ ಎನ್ನಲಾಗದು. ಮುಂದೆ ಪ್ರಭೇದವನ್ನು ಎರಡಾಗಿ ಒಡೆದರೆ ಹಳೆಯ ಹೆಸರು ಯಾವ ಪಾಲಿಗೆ ಉಳಿಯಬೇಕು ಎಂಬುದನ್ನು ನಿರ್ಧರಿಸುವುದು ಇದೇ ಮೂಲಸ್ಥಳ. ಮೂಲಸ್ಥಳ ಪಶ್ಚಿಮದಲ್ಲಿದೆ, ಆದ್ದರಿಂದ ಪೆನಿಸಿಲ್ಲೇಟಸ್ ಎಂಬ ಹೆಸರೂ ಪಶ್ಚಿಮದ ಇಲಿಗೇ ಸಲ್ಲುತ್ತದೆ.

ಪೂರ್ವದ ಇಲಿಯ ಕಥೆ ಬೇರೆ. ಸೇನೆಯ ಮತ್ತೊಬ್ಬ ವೈದ್ಯ ಎಡ್ಗರ್ ಅಲೆಕ್ಸಾಂಡರ್ ಮರ್ನ್ಸ್, ಅಮೆರಿಕ ಮತ್ತು ಮೆಕ್ಸಿಕೋಗಳ ಗಡಿ ಗುರುತಿಸುವ 1892–94ರ ಸಮೀಕ್ಷೆಯಲ್ಲಿ ಭಾಗವಹಿಸಿದ್ದವರು, ಟೆಕ್ಸಾಸಿನ ಫೋರ್ಟ್ ಹ್ಯಾನ್ಕಾಕ್‌ನ ಮಾದರಿಯನ್ನು ಆಧರಿಸಿ 1898ರಲ್ಲಿ ಎರೆಮಿಕಸ್ ಎಂಬ ಹೊಸ ಪ್ರಭೇದವನ್ನು ಹೆಸರಿಸಿದರು. ಆ ಸ್ಥಾನ ಎರಡೇ ವರ್ಷ ಉಳಿಯಿತು. ವಿಲ್ಫ್ರೆಡ್ ಆಸ್‌ಗುಡ್ 1900ರಲ್ಲಿ ಪ್ರಕಟಿಸಿದ ಪರಿಷ್ಕರಣೆಯಲ್ಲಿ, ಪೂರ್ವದ ಇಲಿ ಪಶ್ಚಿಮದ್ದಕ್ಕಿಂತ ಪ್ರತ್ಯೇಕ ಪ್ರಭೇದವೆನ್ನುವಷ್ಟು ಬೇರೆಯಲ್ಲವೆಂದು ಬಗೆದು ಅದನ್ನು ಪೆನಿಸಿಲ್ಲೇಟಸ್‌ನ ಉಪಪ್ರಭೇದವಾಗಿಸಿದರು. ಆಸ್‌ಗುಡ್ ಅವರನ್ನು ದೂರಲು ಕಾರಣವಿಲ್ಲ. ಅವರ ಮುಂದಿದ್ದದ್ದು ಒಣಗಿದ ಚರ್ಮ ಮತ್ತು ತಲೆಬುರುಡೆಗಳು. ಅವುಗಳಲ್ಲಿ ಅಳೆದು ತೋರಿಸಬಲ್ಲ ವ್ಯತ್ಯಾಸ ಸಣ್ಣದು, ಮತ್ತು ಒಂದೇ ಪ್ರಭೇದದ ಬೇರೆ ಬೇರೆ ಊರಿನ ಇಲಿಗಳ ನಡುವೆಯೂ ಅಂಥ ವ್ಯತ್ಯಾಸ ಇರುತ್ತದೆ. ಕಣ್ಣಿಗೆ ಕಾಣುವ ಸಾಕ್ಷ್ಯದ ಮಿತಿಯೊಳಗೆ ಅದು ಸರಿಯಾದ ತೀರ್ಪೇ ಆಗಿತ್ತು. ಆರು ದಶಕಗಳ ಬಳಿಕ ಹಾಫ್‌ಮೈಸ್ಟರ್ ಮತ್ತು ಲೀ ಅವರೂ ಅದನ್ನೇ ಎತ್ತಿಹಿಡಿದರು.

ಬಿರುಕು ಕಾಣಿಸಿಕೊಂಡದ್ದು ಬುರುಡೆಯ ಅಳತೆ ಬಿಟ್ಟು ಜೀವಕೋಶದೊಳಕ್ಕೆ ನೋಡಲಾರಂಭಿಸಿದಾಗ. ಜೇಮ್ಸ್ ಪ್ಯಾಟನ್ 1969ರಲ್ಲಿ ಪ್ರಕಟಿಸಿದ ಅಧ್ಯಯನ ಈ ಇಲಿಗಳ ವರ್ಣತಂತುಗಳ ಆಕಾರ ಎಲ್ಲ ಕಡೆಯೂ ಒಂದೇ ಆಗಿಲ್ಲವೆಂದು ತೋರಿಸಿತು. 1996ರಲ್ಲಿ ಥಾಮಸ್ ಲೀ, ಬ್ರೆಟ್ ರಿಡಲ್ ಮತ್ತು ಸಹಲೇಖಕರು ಮೈಟೊಕಾಂಡ್ರಿಯದ ಡಿಎನ್‌ಎಯನ್ನು ಹೋಲಿಸಿ ನೋಡಿದಾಗ, ಪೂರ್ವ ಮತ್ತು ಪಶ್ಚಿಮದ ಇಲಿಗಳು ಆಳವಾಗಿ ಕವಲೊಡೆದ ಎರಡು ಗುಂಪುಗಳಾಗಿ ನಿಂತವು. ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಮಾತ್ರ ಮರಿಗಳಿಗೆ ಬರುತ್ತದೆ. ಪ್ರತಿ ಪೀಳಿಗೆಯಲ್ಲೂ ತಂದೆಯದರೊಂದಿಗೆ ಕಲಸಿಹೋಗದೆ, ಕಾಲಕ್ರಮದ ಸಣ್ಣ ಸಣ್ಣ ಬದಲಾವಣೆಗಳನ್ನು ಹೊತ್ತು ಇಳಿದುಬರುವುದರಿಂದ, ಎರಡು ಗುಂಪುಗಳು ಬೇರ್ಪಟ್ಟು ಎಷ್ಟು ಕಾಲವಾಯಿತೆಂಬುದನ್ನು ಅಂದಾಜಿಸಲು ಅದು ಅನುಕೂಲ. ಆದರೆ ಅದು ತಾಯಿಯ ಕಡೆಯ ಚರಿತ್ರೆಯನ್ನಷ್ಟೇ ಹೇಳುತ್ತದೆಂಬುದೂ ನಿಜ. ಅದೊಂದನ್ನೇ ನಂಬಿ ಪ್ರಭೇದಗಳನ್ನು ಒಡೆಯುವುದನ್ನು ನಾನಂತೂ ಸಂಶಯದಿಂದಲೇ ನೋಡುತ್ತೇನೆ. ಇಲ್ಲಿ ವರ್ಣತಂತುಗಳ ಸಾಕ್ಷ್ಯ ಮೊದಲೇ ಇದ್ದದ್ದರಿಂದ ಮತ್ತು ಎರಡು ಗುಂಪುಗಳು ಎರಡು ಬೇರೆ ಮರುಭೂಮಿಗಳಿಗೆ ಹೊಂದಿಕೊಂಡಿದ್ದರಿಂದ ವಾದಕ್ಕೆ ಬಲ ಬಂದಿತು. ಪೂರ್ವದ ಇಲಿ ಕೀಟೊಡಿಪಸ್ ಎರೆಮಿಕಸ್ ಆಗಿ, ಚಿವಾವನ್ ಮರುಭೂಮಿಯ ಪ್ರತ್ಯೇಕ ಪ್ರಭೇದವಾಗಿ ಮನ್ನಣೆ ಪಡೆಯಿತು. ಮರ್ನ್ಸ್ ಕೊಟ್ಟಿದ್ದ ಸ್ಥಾನ ಹೀಗೆ 98 ವರ್ಷಗಳ ನಂತರ ಮರಳಿ ದೊರೆಯಿತು.

ಎರಡು ಮರುಭೂಮಿಗಳ ನಡುವೆ ಗೆರೆ ಬಿದ್ದದ್ದಾದರೂ ಎಲ್ಲಿ, ಏಕೆ? ಪಶ್ಚಿಮದ ಸೊನೊರನ್ ಮತ್ತು ಪೂರ್ವದ ಚಿವಾವನ್ ಮರುಭೂಮಿಗಳ ಮಧ್ಯೆ, ದಕ್ಷಿಣದಲ್ಲಿ ಮೆಕ್ಸಿಕೋದ ಸಿಯೆರಾ ಮಾದ್ರೆ ಆಕ್ಸಿಡೆಂಟಲ್ ಪರ್ವತಶ್ರೇಣಿ ಮತ್ತು ಉತ್ತರದಲ್ಲಿ ಕೊಲರಾಡೋ ಪ್ರಸ್ಥಭೂಮಿಯ ಕಡಿದಾದ ಅಂಚು ಗೋಡೆಗಳಂತೆ ನಿಂತಿವೆ. ಇವೆರಡರ ನಡುವೆ, ಆಗ್ನೇಯ ಅರಿಜೋನಾ ಮತ್ತು ನೈಋತ್ಯ ನ್ಯೂ ಮೆಕ್ಸಿಕೋದಲ್ಲಿ, ಖಂಡದ ಜಲವಿಭಾಜಕ ತಗ್ಗಾಗಿ ಒಂದು ತೆರಪು ಉಂಟಾಗಿದೆ. ಇಂದು ಅಲ್ಲಿರುವುದು ಹುಲ್ಲುಗಾವಲು ಮತ್ತು ಕುರುಚಲು. ಮರುಭೂಮಿಯ ಜೀವಿಗಳಿಗೆ ಅದು ಪೂರ್ತಿ ಮುಚ್ಚಿದ ಬಾಗಿಲೂ ಅಲ್ಲ, ತೆರೆದ ಹೆದ್ದಾರಿಯೂ ಅಲ್ಲ. ಆದ್ದರಿಂದಲೇ ಜೀವಭೂಗೋಳ ತಜ್ಞರು ಅದನ್ನು ಕೊಚೀಸ್ ಸೋಸು ತಡೆ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ.

ಹಿಮಯುಗಗಳಲ್ಲಿ ಪರಿಸ್ಥಿತಿ ಇನ್ನೂ ಬಿಗಿಯಾಗಿತ್ತು. ಹವೆ ತಂಪಾಗಿ ತೇವ ಹೆಚ್ಚಿದಾಗ, ಈಗ ಮರುಭೂಮಿಯಾಗಿರುವ ಅನೇಕ ಕಡೆಗಳಲ್ಲಿ ಪಿನ್ಯನ್ ಮತ್ತು ಜೂನಿಪರ್ ಮರಗಳ ಕಾಡು ತಗ್ಗುಪ್ರದೇಶಗಳಿಗೂ ಇಳಿದಿತ್ತು. ಇದು ತಿಳಿದುಬಂದ ದಾರಿ ಸ್ವಾರಸ್ಯಕರ. ಪ್ಯಾಕ್‌ರ್ಯಾಟ್ ಎಂಬ ಇನ್ನೊಂದು ದಂಶಕ ತನ್ನ ಸುತ್ತಲಿನ ಎಲೆ, ಕಡ್ಡಿ, ಬೀಜಗಳನ್ನು ಬಂಡೆಯ ಪೊಟರೆಗಳಲ್ಲಿ ರಾಶಿ ಹಾಕುತ್ತದೆ. ಅದರ ಮೂತ್ರ ಒಣಗಿ ಹರಳುಗಟ್ಟಿ ಆ ರಾಶಿಯನ್ನು ಗಟ್ಟಿಯಾಗಿಸುತ್ತದೆ. ಒಣಹವೆಯಲ್ಲಿ ಅಂಥ ರಾಶಿಗಳು ಹತ್ತಾರು ಸಾವಿರ ವರ್ಷ ಕೆಡದೆ ಉಳಿಯುತ್ತವೆ. ಅವುಗಳನ್ನು ಬಿಡಿಸಿ ನೋಡಿದ ಸಸ್ಯವಿಜ್ಞಾನಿಗಳಿಗೆ ಇಂದು ಮರವೇ ಇಲ್ಲದ ಜಾಗಗಳಲ್ಲಿ ಜೂನಿಪರ್ ಸೊಪ್ಪು ದೊರೆತಿದೆ. ಕಾಡು ಕೆಳಗಿಳಿದಾಗ ಮರಳುನೆಲದ ಇಲಿಗಳು ಪೂರ್ವಕ್ಕೊಂದು ಗುಂಪು, ಪಶ್ಚಿಮಕ್ಕೊಂದು ಗುಂಪಾಗಿ ತಗ್ಗಿನ ಬಿಸಿ ಪ್ರದೇಶಗಳಿಗೆ ಸರಿದು, ನಡುವಿನ ಸಂಪರ್ಕ ಕಡಿದುಹೋಗಿರಬೇಕು. ಹವೆ ಬೆಚ್ಚಗಾದಾಗ ಮತ್ತೆ ಹರಡಿದರೂ ಮುಂದಿನ ಹಿಮಯುಗ ಮತ್ತೆ ಬೇರ್ಪಡಿಸುತ್ತಿತ್ತು. ಇದು ಕೆನ್ನೆಚೀಲದ ಇಲಿಯೊಂದರ ಕಥೆಯಲ್ಲ. ಕೀಟಗಳನ್ನು ಬೇಟೆಯಾಡುವ ಒನಿಕೊಮಿಸ್ ಕುಲದ ಇಲಿಗಳಲ್ಲಿಯೂ ಪಶ್ಚಿಮಕ್ಕೆ ಟಾರಿಡಸ್, ಪೂರ್ವಕ್ಕೆ ಅರೆನಿಕೋಲ ಎಂದು ಸುಮಾರಾಗಿ ಇದೇ ಗೆರೆಯ ಮೇಲೆ ಎರಡು ಪ್ರಭೇದಗಳಾಗಿವೆ. ಅವೂ ಒಂದು ಕಾಲಕ್ಕೆ ಒಂದೇ ಎನಿಸಿಕೊಂಡಿದ್ದವು. ಸಂಬಂಧವಿಲ್ಲದ ಹಲವು ಪ್ರಾಣಿಗಳು ಒಂದೇ ಕಡೆ ಒಡೆದಿದ್ದರೆ ಕಾರಣ ಪ್ರಾಣಿಗಳಲ್ಲಿರುವುದಕ್ಕಿಂತ ನೆಲದಲ್ಲಿ ಇರುವ ಸಂಭವವೇ ಹೆಚ್ಚು.

ಹಾಗಾಗಿ ಇಂದಿನ ಲೆಕ್ಕದಲ್ಲಿ ಕೀಟೊಡಿಪಸ್ ಪೆನಿಸಿಲ್ಲೇಟಸ್ ಪ್ರಭೇದದ ನೆಲೆ ಸೊನೊರನ್ ಮರುಭೂಮಿ ಮತ್ತು ಅದಕ್ಕೆ ಉತ್ತರದ ಮೊಹಾವಿ ಮರುಭೂಮಿಯ ಭಾಗಗಳು: ಆಗ್ನೇಯ ಕ್ಯಾಲಿಫೋರ್ನಿಯಾ, ದಕ್ಷಿಣ ನೆವಾಡಾ, ಯೂಟಾದ ನೈಋತ್ಯ ಮೂಲೆ, ಅರಿಜೋನಾದ ತಗ್ಗಿನ ಪ್ರದೇಶ, ಮೆಕ್ಸಿಕೋದ ಸೊನೊರಾ ಮತ್ತು ಬಾಹಾ ಕ್ಯಾಲಿಫೋರ್ನಿಯಾದ ಈಶಾನ್ಯ ಭಾಗ, ಜೊತೆಗೆ ಕ್ಯಾಲಿಫೋರ್ನಿಯಾ ಕೊಲ್ಲಿಯ ಟಿಬುರೋನ್ ದ್ವೀಪ. ಎರೆಮಿಕಸ್‌ನ ಪಾಲಿಗೆ ನ್ಯೂ ಮೆಕ್ಸಿಕೋ, ಪಶ್ಚಿಮ ಟೆಕ್ಸಾಸ್, ಚಿವಾವಾ, ಕೊಆವಿಲಾ, ಡುರಾಂಗೊ, ಜಕಾಟೆಕಾಸ್, ಸಾನ್ ಲೂಯಿಸ್ ಪೊಟೊಸಿ ಬಂದಿವೆ.

ನಕ್ಷೆಯಲ್ಲಿ ಒಂದೇ ಬಣ್ಣ ಬಳಿದಿರುವುದನ್ನು ಕಂಡು ಅಷ್ಟೂ ನೆಲದಲ್ಲಿ ಈ ಇಲಿ ಸಮನಾಗಿ ಹರಡಿದೆಯೆಂದು ತಿಳಿಯಬಾರದು. ಅದಕ್ಕೆ ಬೇಕಾದದ್ದು ಸಡಿಲ ಮರಳು ಅಥವಾ ಹೊಳೆಗಳು ತಂದು ಹರಡಿದ ಮೆತ್ತನೆ ಮೆಕ್ಕಲು, ಅಲ್ಲಲ್ಲಿ ಮೆಸ್ಕೀಟ್ ಅಥವಾ ಕ್ರಿಯೊಸೋಟ್ ಪೊದೆ. ಮಳೆಗಾಲದಲ್ಲಿ ಮಾತ್ರ ನೀರು ಹರಿಯುವ ಒಣಹಳ್ಳದ ಪಾತ್ರದಲ್ಲಿ ಅದು ಹೇರಳ. ಹಳ್ಳದ ದಂಡೆ ಮೇಲೇರಿ ಕಲ್ಲುಬಂಡೆಯ ಇಳಿಜಾರು ಮೊದಲಾದೊಡನೆ ಅಲ್ಲಿ ಸಿಗುವುದು ಹತ್ತಿರದ ಬಂಧುವಾದ ಬಂಡೆಗಳ ಕೆನ್ನೆಚೀಲದ ಇಲಿ, ಕೀಟೊಡಿಪಸ್ ಇಂಟರ್‌ಮೀಡಿಯಸ್. ಇವೆರಡೂ ಒಂದೇ ಪ್ರದೇಶದಲ್ಲಿದ್ದರೂ ಮಣ್ಣು ಅವುಗಳನ್ನು ಬಹುಮಟ್ಟಿಗೆ ಬೇರ್ಪಡಿಸುತ್ತದೆ. ಸಂದೇಹ ಬಂದಾಗ ಹಿಂಭಾಗವನ್ನು ನೋಡಬೇಕು: ಗಡಸು ಮುಳ್ಳುಗೂದಲುಗಳಿದ್ದರೆ ಬಂಡೆಯದು, ಇಲ್ಲದಿದ್ದರೆ ಮರಳಿನದು. ಬಣ್ಣವನ್ನು ಮಾತ್ರ ನಂಬಬಾರದು. ಅರಿಜೋನಾದ ಪಿನಕಾಟೆ ಲಾವಾ ಹಾಸುಗಳ ಮೇಲಿನ ಬಂಡೆ ಇಲಿಗಳು ಕಪ್ಪಾಗಿದ್ದು, ಆ ಕಪ್ಪಿಗೆ ಎಂಸಿ1ಆರ್ ಎಂಬ ಜೀನಿನ ಬದಲಾವಣೆಗಳು ಕಾರಣವೆಂದು 2003ರಲ್ಲಿ ಮೈಕೆಲ್ ನಾಕ್‌ಮನ್, ಹೋಪಿ ಹುಕ್‌ಸ್ಟ್ರಾ ಮತ್ತು ಸಂಗಡಿಗರು ತೋರಿಸಿದರು. ನ್ಯೂ ಮೆಕ್ಸಿಕೋದ ಲಾವಾ ಮೇಲಿನ ಅದೇ ಪ್ರಭೇದದ ಕಪ್ಪು ಇಲಿಗಳಲ್ಲಿ ಆ ಬದಲಾವಣೆಗಳು ಇಲ್ಲ, ಅಲ್ಲಿ ಕಪ್ಪು ಬೇರೆ ದಾರಿಯಿಂದ ಬಂದಿದೆ. ಒಂದೇ ಪ್ರಭೇದದೊಳಗೆ ಒಂದೇ ಬಣ್ಣ ಎರಡು ಬಾರಿ ಪ್ರತ್ಯೇಕವಾಗಿ ಹುಟ್ಟಬಲ್ಲುದಾದರೆ, ಬಣ್ಣವನ್ನು ಆಧರಿಸಿ ಬಂಧುತ್ವ ಹೇಳುವುದು ಅಪಾಯಕರ.

ಪೆನಿಸಿಲ್ಲೇಟಸ್‌ನ ಒಳಗೂ ಹಲವು ಉಪಪ್ರಭೇದಗಳನ್ನು ಗುರುತಿಸಲಾಗಿದೆ. ಅವುಗಳಲ್ಲಿ ಡೆತ್ ವ್ಯಾಲಿ ಭಾಗದ ಸ್ಟೀಫನ್ಸಿ ಮತ್ತು ಸೊನೊರಾದ ಪ್ರೈಸಿ 1894ರಲ್ಲಿ ಪೂರ್ಣ ಪ್ರಭೇದಗಳಾಗಿಯೇ ಹೆಸರು ಪಡೆದು ಆಮೇಲೆ ಕೆಳಗಿಳಿದವು, ಎರೆಮಿಕಸ್‌ನಂತೆ ಮತ್ತೆ ಮೇಲೇರಲಿಲ್ಲ. ಟಿಬುರೋನ್ ದ್ವೀಪದ ಸೆರಿ 1912ರಲ್ಲಿ, ನೆವಾಡಾ ಕಡೆಯ ಸೊಬ್ರೈನಸ್ 1939ರಲ್ಲಿ ಸೇರಿಕೊಂಡವು. 2009ರಲ್ಲಿ ತೆರೆಜಾ ಯೆಜ್ಕೋವಾ, ರಿಡಲ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ ಈ ಇಲಿಯ ತಾಯಿಯ ಕಡೆಯ ವಂಶಗಳು ಸ್ಥೂಲವಾಗಿ ಮೊಹಾವಿಗೊಂದು, ಸೊನೊರನ್‌ಗೊಂದು ಎಂದು ಕವಲೊಡೆದಿರುವುದು ಕಂಡಿತು. ಈ ಕವಲು ಎರೆಮಿಕಸ್‌ನೊಂದಿಗಿನ ಕವಲಿಗಿಂತ ಈಚಿನದು, ಇದನ್ನು ಪ್ರಭೇದಗಳ ಗಡಿಯೆಂದು ಪರಿಗಣಿಸಿಲ್ಲ.

ಸಂಗ್ರಹಾಲಯಗಳ ಹಳೆಯ ಮಾದರಿಗಳನ್ನು ಬಳಸುವವರಿಗೆ ಇದರಿಂದ ಒದಗುವ ಕೆಲಸ ಇಷ್ಟು. ಚೀಟಿಯಲ್ಲಿ ಪೆರೊಗ್ನೇಥಸ್ ಪೆನಿಸಿಲ್ಲೇಟಸ್ ಎಂದಷ್ಟೇ ಬರೆದಿದ್ದು ಸ್ಥಳ ಟೆಕ್ಸಾಸ್ ಆಗಿದ್ದರೆ ಅದನ್ನು ಇಂದಿನ ಎರೆಮಿಕಸ್ ಎಂದೂ, ಸ್ಥಳ ಪಶ್ಚಿಮ ಅರಿಜೋನಾದ ಯೂಮಾ ಅಥವಾ ಪಾರ್ಕರ್ ಆಗಿದ್ದರೆ ಇಂದಿನ ಪೆನಿಸಿಲ್ಲೇಟಸ್ ಎಂದೂ ಓದಿಕೊಳ್ಳಬಹುದು. ಅರಿಜೋನಾ ಮತ್ತು ನ್ಯೂ ಮೆಕ್ಸಿಕೋ ಗಡಿಯ ಮಾದರಿಗಳಿಗೆ ಮಾತ್ರ ಚೀಟಿಯ ಹೆಸರಾಗಲಿ ಸ್ಥಳವಾಗಲಿ ಸಾಲದು. ಒಣಚರ್ಮದ ಚೂರಿನಿಂದ ಡಿಎನ್‌ಎ ತೆಗೆದು ನೋಡುವುದೇ ಭರವಸೆಯ ದಾರಿ.